ಮಲೆನಾಡಿನ ಗದ್ದೆಗೆ ಯಾವ ಭತ್ತ? ನಾಟಿ, ಸುಧಾರಿತ, ಹೈಬ್ರಿಡ್ ತಳಿಗಳ ಹೋಲಿಕೆ

ಬೀಜದಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ‘ಎಕರೆಗೆ ಎಷ್ಟು ಕ್ವಿಂಟಲ್ ಬರುತ್ತೆ?’ ಎಂದು. ಮಲೆನಾಡಿನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು ಬೇರೆ: ನಾನು ಅಗೆ ಹಾಕುವ (ಸಸಿಮಡಿಗೆ ಬೀಜ ಬಿತ್ತುವ) ದಿನದಿಂದ ಎಣಿಸಿದರೆ ಈ ಭತ್ತ ಯಾವ ವಾರ ಹೂ ಬಿಡುತ್ತದೆ? ಆ ವಾರ ನನ್ನ ಗದ್ದೆಯಲ್ಲಿ ನೀರು, ಮಳೆ, ಚಳಿ ಹೇಗಿರುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕರ್ಧ ತಳಿಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

‘ಹವಾಮಾನ ವೈಪರೀತ್ಯ ತಾಳಿಕೊಳ್ಳುವ ತಳಿ’ ಎಂಬ ಮಾತು ಈಗ ಚೀಲದ ಮೇಲೂ ಭಾಷಣದಲ್ಲೂ ಧಾರಾಳವಾಗಿ ಸಿಗುತ್ತದೆ. ಯಾವ ವೈಪರೀತ್ಯ, ಬೆಳೆಯ ಯಾವ ಹಂತದಲ್ಲಿ, ಎಷ್ಟು ದಿನ ಎಂದು ಹೇಳದಿದ್ದರೆ ಆ ಮಾತಿನಿಂದ ರೈತನಿಗೆ ಏನೂ ಉಪಯೋಗವಿಲ್ಲ. ನೆರೆಗೆ ಜಗ್ಗದ ಭತ್ತ ಬೆಂಕಿರೋಗ ಎಂಬ ಶಿಲೀಂಧ್ರ ರೋಗಕ್ಕೆ ಮೊದಲ ವಾರದಲ್ಲೇ ಶರಣಾಗಬಹುದು. ಬರಕ್ಕೆ ಗಟ್ಟಿ ಅನ್ನಿಸಿಕೊಂಡದ್ದು ಹಸ್ತ ಮಳೆಗೆ ಮಲಗಿ ತೆನೆಯಲ್ಲೇ ಮೊಳೆಯಬಹುದು. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿ ಗದ್ದೆ ಮುಳುಗಿಸಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಐದು ವರ್ಷದೊಳಗೆ ಎರಡನ್ನೂ ಕಂಡ ಗದ್ದೆಗೆ ಒಂದೇ ತಳಿ ಎರಡಕ್ಕೂ ಉತ್ತರವಾಗಲಾರದು. ಹಾಗಾಗಿ ಯಾವುದು ಉತ್ತಮ ಎಂದು ಕೇಳುವುದಕ್ಕಿಂತ ಯಾವ ಗದ್ದೆಗೆ ಯಾವುದು, ಎಷ್ಟು ಭಾಗಕ್ಕೆ ಎಂದು ಲೆಕ್ಕ ಹಾಕುವುದು ಒಳ್ಳೆಯದು.

ಹೂ ಬರುವ ದಿನದ ಲೆಕ್ಕ

ಭತ್ತದ ಕೊನೆಯ ಘಟ್ಟ ಎಲ್ಲ ತಳಿಗೂ ಹೆಚ್ಚುಕಡಿಮೆ ಒಂದೇ. ಹೂ ಬಂದ ಮೇಲೆ ಕಾಳು ಬಲಿಯಲು 30ರಿಂದ 35 ದಿನ. ಹೂ ಬರುವುದಕ್ಕೆ ಸುಮಾರು 30 ದಿನ ಮೊದಲು ಕಾಂಡದೊಳಗೆ ತೆನೆ ಮೂಡಿರುತ್ತದೆ. ಅವಧಿ ಹೆಚ್ಚುಕಡಿಮೆ ಆಗುವುದೆಲ್ಲ ಅದಕ್ಕಿಂತ ಹಿಂದಿನ, ಬರೀ ಸೊಪ್ಪು ಬೆಳೆಯುವ ಕಾಲದಲ್ಲಿ. ಆದ್ದರಿಂದ ಚೀಲದ ಮೇಲೆ ಬರೆದ ಒಟ್ಟು ಅವಧಿಯಿಂದ 30 ಕಳೆಯಿರಿ, ಉಳಿದಷ್ಟು ದಿನವನ್ನು ಅಗೆ ಹಾಕಿದ ದಿನಕ್ಕೆ ಕೂಡಿಸಿರಿ. ಹೂ ಬರುವ ದಿನ ಸಿಗುತ್ತದೆ. ನೆಟ್ಟಿ ಮಾಡಿದ ದಿನದಿಂದ ಎಣಿಸಬೇಡಿ. ಅವಧಿ ಹೇಳುವುದು ಯಾವಾಗಲೂ ಬೀಜದಿಂದ ಬೀಜಕ್ಕೆ.

120 ದಿನದ ತಳಿಯನ್ನು ಜೂನ್ 10ಕ್ಕೆ, ಅಂದರೆ ಮೃಗಶಿರ ಮಳೆ ಹಿಡಿದ ಕೂಡಲೇ ಬಿತ್ತಿದರೆ ಸೆಪ್ಟೆಂಬರ್ 8ರ ಸುಮಾರಿಗೆ ಹೂ. ಹುಬ್ಬ ಮಳೆಯ ಕಾಲ ಅದು. ಭತ್ತದ ಹೂ ಅರಳುವುದು ಬೆಳಗ್ಗೆ 10ರಿಂದ ಮಧ್ಯಾಹ್ನ 12ರ ಆಸುಪಾಸು. ಆ ಹೊತ್ತಿಗೆ ದಿನವೂ ಜಡಿಮಳೆ ಹಿಡಿದರೆ ಪರಾಗ ತೊಳೆದುಹೋಗಿ ಜೊಳ್ಳು ಹೆಚ್ಚುತ್ತದೆ. ತಪ್ಪಿಸಿಕೊಂಡರೂ ಕಟಾವು ಅಕ್ಟೋಬರ್ 8ಕ್ಕೆ, ಹಸ್ತ ಮುಗಿದು ಚಿತ್ತ ಹಿಡಿಯುವ ಸಂದಿನಲ್ಲಿ. ಕೊಯ್ದ ಭತ್ತ ಒಣಗಿಸಲು ಕಣವೇ ಸಿಗದು.

135 ದಿನದ ತಳಿ, ಅಗೆ ಹಾಕಿದ್ದು ಜುಲೈ 15: ಹೂ ಅಕ್ಟೋಬರ್ 28ಕ್ಕೆ, ಕೊಯ್ಲು ನವೆಂಬರ್ ಕೊನೆಗೆ. ಕಣಕ್ಕೆ ಇದು ಚೆಂದ. ಆದರೆ ಅದೇ ತಳಿಯನ್ನು ಮಳೆ ತಡವಾಯಿತೆಂದು ಆಗಸ್ಟ್ ಮಧ್ಯಕ್ಕೆ ಹಾಕಿದರೆ ಹೂ ಬರುವುದು ನವೆಂಬರ್ ಕೊನೆಗೆ. ಹೊಡೆ ಕಟ್ಟುವಾಗ, ಅಂದರೆ ತೆನೆ ಹೊರಬರುವ ಮುನ್ನ ಕಾಂಡದೊಳಗೆ ಉಬ್ಬಿರುವಾಗ, ರಾತ್ರಿಯ ಉಷ್ಣಾಂಶ 15–17 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸರಿಯಾಗಿ ಬೆಳೆಯುವುದಿಲ್ಲ. ಕಣಿವೆಯ ತಳದ ಗದ್ದೆಗಳಲ್ಲಿ ತಂಪು ಗಾಳಿ ಇಳಿದು ನಿಲ್ಲುವುದರಿಂದ ಅಲ್ಲಿ ಪೆಟ್ಟು ಜಾಸ್ತಿ. ತೆನೆ ನೋಡಲು ಚೆನ್ನಾಗಿಯೇ ಇರುತ್ತದೆ, ಬಗ್ಗುವುದಿಲ್ಲ ಅಷ್ಟೆ. ಸಾಲದ್ದಕ್ಕೆ ಆ ಹೊತ್ತಿಗೆ ಮೇಲಿನ ಗದ್ದೆಯಲ್ಲಿ ನೀರೂ ಇರುವುದಿಲ್ಲ.

160 ದಿನದ ದೀರ್ಘಾವಧಿ ತಳಿ ಜೂನ್ 10ಕ್ಕೆ ಬಿದ್ದರೆ ಅಕ್ಟೋಬರ್ ಮಧ್ಯಕ್ಕೆ ಹೂ, ನವೆಂಬರ್ ಮಧ್ಯಕ್ಕೆ ಕೊಯ್ಲು. ಹಳಬರು ಇಷ್ಟು ಉದ್ದದ ಭತ್ತ ಇಟ್ಟುಕೊಂಡದ್ದು ಇದಕ್ಕೇ: ಮಳೆಗಾಲವನ್ನೆಲ್ಲ ಸೊಪ್ಪಿನಲ್ಲಿ ಕಳೆದು, ಮಳೆ ತೆಳುವಾದ ಮೇಲೆ ಹೂ ಬಿಡುವುದು.

ಈ ಲೆಕ್ಕಕ್ಕೆ ಒಂದು ದೊಡ್ಡ ವಿನಾಯಿತಿ ಇದೆ. ಹಳೆಯ ನಾಟಿ ತಳಿಗಳಲ್ಲಿ ಹಲವು ಹಗಲಿನ ಉದ್ದ ನೋಡಿ ಹೂ ಬಿಡುವಂಥವು. ಜೂನ್ ಕೊನೆಯಲ್ಲಿ ಸುಮಾರು 13 ಗಂಟೆ ಇರುವ ಹಗಲು ಸೆಪ್ಟೆಂಬರ್ ಕೊನೆಗೆ 12ಕ್ಕೆ ಇಳಿಯುತ್ತದೆ. ಹಗಲು ಕುಗ್ಗಿದ್ದೇ ಇವುಗಳಿಗೆ ಸೂಚನೆ. ಜೂನ್‌ನಲ್ಲಿ ಹಾಕಿ, ಜುಲೈನಲ್ಲಿ ಹಾಕಿ, ಹೂ ಬರುವುದು ಅಕ್ಟೋಬರ್‌ನಲ್ಲೇ. ಮುಂಗಾರು ಯಾವಾಗ ಬರುತ್ತದೆಂದು ಹೇಳಲಾಗದ ಈಗಿನ ಕಾಲಕ್ಕೆ ಇದು ಸಣ್ಣ ಗುಣವಲ್ಲ. ಬೆಲೆಯೂ ಇದೆ: ತಡವಾದಷ್ಟೂ ಸೊಪ್ಪು ಬೆಳೆಯುವ ಕಾಲ ಕುಗ್ಗುವುದರಿಂದ ತೆಂಡೆ (ಬುಡದಿಂದ ಒಡೆಯುವ ಕವಲು) ಕಡಿಮೆಯಾಗುತ್ತದೆ. ತಡವಾಗಿ ನೆಡುವಾಗ ಸಾಲು ಹತ್ತಿರ ಮಾಡಿ, ಗುಣಿಗೆ ಒಂದೆರಡು ಸಸಿ ಹೆಚ್ಚು ಇಡಬೇಕು.

ನಿಮ್ಮ ಬೀಜ ಈ ಜಾತಿಯದೋ ಅಲ್ಲವೋ ತಿಳಿಯಲು ಪ್ರಯೋಗಾಲಯ ಬೇಡ. ಒಂದೇ ಬೀಜವನ್ನು ಒಂದು ತಿಂಗಳ ಅಂತರದಲ್ಲಿ ಎರಡು ಸಣ್ಣ ಮಡಿಗಳಲ್ಲಿ ಹಾಕಿ. ಹೂ ಬಂದ ದಿನಗಳ ನಡುವೆ ವಾರ, ಹತ್ತು ದಿನ ಮಾತ್ರ ವ್ಯತ್ಯಾಸವಿದ್ದರೆ ಅದು ಹಗಲು ನೋಡುವ ಭತ್ತ. ತಿಂಗಳಿಗೆ ಹತ್ತಿರ ಬಂದರೆ ಅಲ್ಲ.

ಗದ್ದೆ ಎಲ್ಲಿದೆ?

ಒಂದೇ ಮನೆತನದ ಮೂರೆಕರೆಯಲ್ಲಿ ಮಲೆನಾಡಿನಲ್ಲಿ ಮೂರು ತರದ ಗದ್ದೆ ಇರುತ್ತದೆ. ಎಲ್ಲದಕ್ಕೂ ಒಂದೇ ಚೀಲದ ಬೀಜ ಹಾಕುವುದು ಸಸಿಮಡಿಯ ಅನುಕೂಲಕ್ಕೆ ಹೊರತು ಬೆಳೆಯ ಅನುಕೂಲಕ್ಕಲ್ಲ.

ಮೇಲಿನ ಮಕ್ಕಿ ಗದ್ದೆಯಲ್ಲಿ ಮಳೆ ನಿಂತ ಎಂಟು ದಿನಕ್ಕೆ ನೀರು ಇಂಗುತ್ತದೆ. ಇಲ್ಲಿ ಕಾಡುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗಿನ ಒಣ ಬಿಡುವು, ಮತ್ತೆ ಅಕ್ಟೋಬರ್‌ನ ಕೊರತೆ. ಹೂವಿನ ಹತ್ತು ದಿನ ಹಿಂದೆ, ಹತ್ತು ದಿನ ಮುಂದೆ ನೀರು ತಪ್ಪಿದರೆ ಮತ್ತೆ ಎಷ್ಟು ಮಳೆ ಬಂದರೂ ಆ ನಷ್ಟ ತುಂಬುವುದಿಲ್ಲ. ತೆನೆ ಹೊಡೆಯಿಂದ ಪೂರ್ತಿ ಹೊರಬಾರದೆ ಕುತ್ತಿಗೆಯಲ್ಲೇ ಸಿಕ್ಕಿಕೊಂಡು, ಕೆಳಗಿನ ಕಾಳುಗಳು ಬಿಳಿಯಾಗಿ ಉಳಿಯುತ್ತವೆ. ಮಕ್ಕಿಗೆ 115ರಿಂದ 125 ದಿನದ ತಳಿ ಸರಿ, ಆದರೆ ಬಿತ್ತನೆಯನ್ನು ಜೂನ್ ಕೊನೆಗೆ ಅಥವಾ ಜುಲೈ ಮೊದಲ ವಾರಕ್ಕೆ ತಳ್ಳಬೇಕು. ಹೂ ಸೆಪ್ಟೆಂಬರ್ ಕೊನೆಗೆ ಬೀಳುವಂತೆ ನೋಡಿಕೊಳ್ಳಬೇಕು.

ನಡುವಿನ ಗದ್ದೆ ಎಲ್ಲಕ್ಕೂ ಒಗ್ಗುತ್ತದೆ. 130–140 ದಿನದ್ದು ಯಾವುದಾದರೂ ಸರಿ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ತಗ್ಗಿನ ಬೈಲು ಗದ್ದೆ, ಅದರಲ್ಲೂ ಹೊಳೆಬದಿಯದು, ಬೇರೆಯೇ ಕತೆ. ಇಲ್ಲಿ ನೀರಿನ ತೊಂದರೆ ಎರಡು ಬಗೆ, ಎರಡಕ್ಕೂ ಒಂದೇ ಮದ್ದಿಲ್ಲ. ಮೊದಲನೆಯದು ಹಠಾತ್ ನೆರೆ: ಪೈರು ಪೂರ್ತಿ ಮುಳುಗಿ ವಾರ ಅಥವಾ ಹತ್ತು ದಿನದಲ್ಲಿ ನೀರು ಇಳಿಯುವುದು. ಎರಡನೆಯದು ತಿಂಗಳುಗಟ್ಟಲೆ ಮೊಣಕಾಲು, ತೊಡೆಯ ಮಟ್ಟಕ್ಕೆ ನೀರು ನಿಲ್ಲುವುದು. ಒಡಿಶಾ ಮೂಲದ ಎಫ್‌ಆರ್ 13ಎ ಎಂಬ ನಾಟಿ ತಳಿಯಿಂದ ಬಂದ ‘ಸಬ್1’ ಗುಣ ಮೊದಲನೆಯದಕ್ಕೆ ಮದ್ದು. ಅದು ಮುಳುಗಿದಾಗ ಪೈರು ಬೆಳೆಯುವುದನ್ನೇ ನಿಲ್ಲಿಸಿ ಕೂಡಿಟ್ಟ ಸಕ್ಕರೆಯನ್ನು ಉಳಿಸಿಕೊಳ್ಳುತ್ತದೆ, ನೀರಿಳಿದ ಮೇಲೆ ಮತ್ತೆ ಚಿಗುರುತ್ತದೆ. ಸ್ವರ್ಣ ತಳಿಗೆ ಈ ಗುಣ ಸೇರಿಸಿ ಮಾಡಿದ ಸ್ವರ್ಣ-ಸಬ್1 ನಮ್ಮ ದೇಶದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಅವಧಿ 140–145 ದಿನ, ತಾಳಿಕೆ ಸುಮಾರು ಎರಡು ವಾರ. ಆದರೆ ನೀರು ನಿಂತೇ ಇರುವ ಗದ್ದೆಗೆ ಇದನ್ನು ತಂದರೆ, ಎತ್ತರ ಬೆಳೆಯದ ಈ ಗುಣವೇ ಮುಳುವಾಗುತ್ತದೆ. ಅಲ್ಲಿ ಬೇಕಾದ್ದು ನೀರಿನೊಂದಿಗೆ ಮೇಲೇಳುವ ಭತ್ತ. ವರದಾ ಹೊಳೆಯ ಆಸುಪಾಸಿನ ಸೊರಬ, ಸಾಗರ ಕಡೆಯ ನೆರೆಗುಳಿ, ಎಡಿಕುಣಿ, ಕರಿಜಡ್ಡಿನಂಥ ತಳಿಗಳನ್ನು ರೈತರು ಉಳಿಸಿಕೊಂಡು ಬಂದದ್ದು ನೆರೆಯ ಗದ್ದೆಗಾಗಿಯೇ. ಇವನ್ನು ಮಳೆಗಾಲಕ್ಕೆ ಮುಂಚೆಯೇ ಒಣಬಿತ್ತನೆ ಮಾಡುವುದು ರೂಢಿ. ನೆರೆ ಬರುವ ಹೊತ್ತಿಗೆ ಪೈರಿನ ಬುಡ ಗಟ್ಟಿಯಾಗಿರಬೇಕು. ಎಳೆಯ ಸಸಿ ನೆಟ್ಟು ಹದಿನೈದು ದಿನಕ್ಕೆ ನೆರೆ ಬಂದರೆ ಯಾವ ತಳಿಯಾದರೂ ಕಷ್ಟವೇ. ಸಬ್1 ತಳಿಗೂ 30 ದಿನ ದಾಟಿದ ಸಸಿಯನ್ನೇ ನೆಡುವುದು ಮೇಲು.

ನೆರೆ ಇಳಿದ ಮರುದಿನವೇ ಯೂರಿಯಾ ಎರಚುವುದು ಎಲ್ಲೆಡೆ ಕಾಣುವ ತಪ್ಪು. ಎಲೆಯ ಮೇಲೆ ಕೆಸರು ಮೆತ್ತಿ, ಬೇರು ಉಸಿರುಕಟ್ಟಿದ ಪೈರಿಗೆ ಅದನ್ನು ತಿನ್ನುವ ಶಕ್ತಿ ಇರುವುದಿಲ್ಲ. ಆರೇಳು ದಿನ ಬಿಟ್ಟು, ಹೊಸ ಎಲೆ ಕಾಣಿಸಿಕೊಂಡ ಮೇಲೆ ಕೊಡಿ. ಎಲೆ ಪೂರ್ತಿ ಕೊಳೆತಂತೆ ಕಂಡರೂ ಬುಡ ಹಿಚುಕಿ ನೋಡಿ: ಗಟ್ಟಿಯಾಗಿ ಬಿಳಿಯಿದ್ದರೆ ಚಿಗುರುತ್ತದೆ, ಮೆತ್ತಗಾಗಿ ನಾತ ಬಂದರೆ ಉಳುವುದೇ ಸರಿ.

ನಾಟಿ ತಳಿ: ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ

ನಾಟಿ ತಳಿಯ ಪರ ವಾದಿಸುವವರು ಅದಕ್ಕೆ ರೋಗವೇ ಬಾರದು ಅನ್ನುತ್ತಾರೆ. ವಿರೋಧಿಸುವವರು ಅದರಲ್ಲಿ ಇಳುವರಿಯೇ ಇಲ್ಲ ಅನ್ನುತ್ತಾರೆ. ಎರಡೂ ಅರ್ಧ ಸತ್ಯ. ಬೇರು ಆಳಕ್ಕೆ ಇಳಿಯುವುದು, ಹಗಲು ನೋಡಿ ಹೂ ಬಿಡುವುದು, ಕಳೆಯನ್ನು ಮೀರಿ ಎತ್ತರ ಏಳುವುದು, ದನಕ್ಕೆ ಉದ್ದನೆಯ ಹುಲ್ಲು ಸಿಗುವುದು ಇವೆಲ್ಲ ಲಾಭವೇ. ಹಾಗೆಯೇ, ಒಂದು ಗದ್ದೆಯ ನಾಟಿ ಭತ್ತದಲ್ಲಿ ಗಿಡಗಿಡಕ್ಕೂ ಸ್ವಲ್ಪ ವ್ಯತ್ಯಾಸವಿರುವುದರಿಂದ ಕೆಟ್ಟ ವರ್ಷದಲ್ಲಿ ಎಲ್ಲವೂ ಒಟ್ಟಿಗೆ ಕೈಬಿಡುವುದು ಅಪರೂಪ.

ಸೋಲುವುದು ಮಲಗುವಿಕೆಯಲ್ಲಿ. ನಾಲ್ಕೂವರೆ ಐದು ಅಡಿ ಎತ್ತರದ ಪೈರಿಗೆ ಗಿಡ್ಡ ತಳಿಯ ಗೊಬ್ಬರದ ಪ್ರಮಾಣ ಕೊಟ್ಟರೆ ಹೂ ಬಂದ ಹದಿನೈದು ದಿನದಲ್ಲಿ ಅಡ್ಡ ಬೀಳುತ್ತದೆ. ಸಾರಜನಕವನ್ನು ಅರ್ಧಕ್ಕೆ ಇಳಿಸಿ, ಅದನ್ನೂ ಎರಡು ಕಂತಿನಲ್ಲಿ ಕೊಡಿ. ಹೊಡೆ ಕಟ್ಟಿದ ಮೇಲೆ ಕೊಡಬೇಡಿ. ಕಟಾವು ಯಂತ್ರಕ್ಕೆ ಮಲಗಿದ ಎತ್ತರದ ಪೈರು ದೊಡ್ಡ ತಲೆನೋವು. ಕೊಯ್ಲಿಗೆ ಆಳು ಸಿಗದ ಊರಿನಲ್ಲಿ ನಾಟಿ ತಳಿ ಕೈಬಿಡಲು ನಿಜವಾದ ಕಾರಣ ಇದೇ, ಇಳುವರಿಯಲ್ಲ.

ಮುಂದಿನದು ಬೀಜದ ಕಲಬೆರಕೆ. ವರ್ಷಾನುಗಟ್ಟಲೆ ಆರಿಸದೆ ಇಟ್ಟ ಬೀಜದಲ್ಲಿ ಹೆಸರು ಮಾತ್ರ ಉಳಿದಿರುತ್ತದೆ. ಒಂದೇ ಹೆಸರಿನ ಭತ್ತ ಎರಡು ಊರಿನಲ್ಲಿ ಎರಡು ಬಣ್ಣ, ಎರಡು ಅವಧಿ. ಆದ್ದರಿಂದ ಹೆಸರು ಕೇಳಿ ತರಬೇಡಿ, ನಿಂತ ಪೈರು ನೋಡಿ ತನ್ನಿ. ನೆಂಟರ ಮನೆಯ ಹೊಳೆಬದಿಯ ಗದ್ದೆಯಲ್ಲಿ ಚೆನ್ನಾಗಿ ಬಂದದ್ದನ್ನು ನಿಮ್ಮ ಮಕ್ಕಿಗೆ ತಂದರೆ ಅದರ ತಪ್ಪಲ್ಲ.

ಬಿಡುಗಡೆಯಾದ ಸುಧಾರಿತ ತಳಿಗಳು

ಇಲ್ಲಿ ಹೆಸರು ಬಹಳ, ಆಯ್ಕೆ ಕಡಿಮೆ. ಮಲೆನಾಡಿಗೆ ಬಳಕೆಯಲ್ಲಿರುವ ಕೆಲವನ್ನು ನೋಡೋಣ.

ಜ್ಯೋತಿ: ಕೇರಳದ ಪಟ್ಟಾಂಬಿಯದು, 1970ರ ದಶಕದಿಂದಲೂ ಇದೆ. ಕೆಂಪಕ್ಕಿ, 110–125 ದಿನ. ಕರಾವಳಿಯ ಕುಚ್ಚಲಕ್ಕಿ ಮಿಲ್ಲುಗಳಿಗೆ ಬೇಕಾದ ಕಾಳು, ಹಾಗಾಗಿ ಮಾರಾಟ ಸುಲಭ. ಕಂದುಜಿಗಿ ಹುಳುವಿಗೆ ಒಂದಷ್ಟು ತಡೆಯಿದೆ, ಬೆಂಕಿರೋಗಕ್ಕೆ ಮಾತ್ರ ಇಲ್ಲ. ಮಂಜು ಹಿಡಿಯುವ ಗದ್ದೆಗೆ ಇದನ್ನು ಹಾಕುವುದು ಜೂಜು.

ಸಹ್ಯಾದ್ರಿ ಮೇಘ: ಶಿವಮೊಗ್ಗದ ಕೆಳದಿ ಶಿವಪ್ಪನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತಳಿ. ಜ್ಯೋತಿಯನ್ನು ಅಕ್ಕಲು ಎಂಬ ತಳಿಯೊಂದಿಗೆ ಸಂಕರ ಮಾಡಿ ಪಡೆದದ್ದು. ಜ್ಯೋತಿಯ ಕೆಂಪಕ್ಕಿ ಬೇಕು, ಬೆಂಕಿರೋಗ ಬೇಡ ಎನ್ನುವವರು ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ.

ಸಹ್ಯಾದ್ರಿ ಪಂಚಮುಖಿ: ಅದೇ ವಿಶ್ವವಿದ್ಯಾಲಯದ ಬ್ರಹ್ಮಾವರದ ಸಂಶೋಧನಾ ಕೇಂದ್ರದ್ದು. ಕರಾವಳಿಯ ತಗ್ಗು ಗದ್ದೆಯ ನೆರೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ ಕೆಂಪಕ್ಕಿ. ಘಟ್ಟದ ಮೇಲಿನ ಬೈಲು ಗದ್ದೆಗೆ ತರುವವರು ಮೊದಲ ವರ್ಷ ಐದು ಗುಂಟೆ ಮೀರಬೇಡಿ. ಕರಾವಳಿಯ ಬೆಚ್ಚನೆಯ ರಾತ್ರಿಗೂ ಹೊಸನಗರ, ತೀರ್ಥಹಳ್ಳಿಯ ಅಕ್ಟೋಬರ್ ರಾತ್ರಿಗೂ ವ್ಯತ್ಯಾಸವಿದೆ.

ಎಂಟಿಯು 1001, ಎಂಟಿಯು 1010: ಆಂಧ್ರದ ಮಾರುಟೇರಿನವು. ಮೊದಲನೆಯದು 130–135 ದಿನ, ಎರಡನೆಯದು ಸುಮಾರು 120. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಅರೆಮಲೆನಾಡಿಗೆ, ನಾಲೆ ನೀರಿಗೆ ಸರಿ. 1010 ಭದ್ರಾ ಅಚ್ಚುಕಟ್ಟಿನ ಬೇಸಿಗೆ ಬೆಳೆಗೂ ಆಗುತ್ತದೆ. ಬೇಸಿಗೆಯಲ್ಲಿ ಲೆಕ್ಕ ತಿರುಗಮುರುಗ: ಹೂ ಅರಳುವ ಹೊತ್ತಿಗೆ 35 ಡಿಗ್ರಿ ದಾಟಿದರೆ ಪರಾಗ ಸತ್ತು ಜೊಳ್ಳಾಗುತ್ತದೆ. ಡಿಸೆಂಬರ್ 20ಕ್ಕೆ ಅಗೆ ಹಾಕಿದರೆ ಮಾರ್ಚ್ 20ರ ಸುಮಾರಿಗೆ ಹೂ; ಜನವರಿ ಮಧ್ಯಕ್ಕೆ ಜಾರಿದರೆ ಏಪ್ರಿಲ್ ಮಧ್ಯದ ಬಿಸಿಲಿಗೆ ಸಿಕ್ಕಿತು.

ಇಂಟಾನ್: ಇಂಡೋನೇಷ್ಯಾ ಮೂಲದ್ದು, ಸುಮಾರು 155–160 ದಿನ, ಎತ್ತರ. ಹಳೆಯದೆಂದು ಮೂಗು ಮುರಿಯುವವರಿದ್ದಾರೆ. ಆದರೆ ನೀರು ನವೆಂಬರ್‌ವರೆಗೂ ಉಳಿಯುವ ಗುಡ್ಡದ ಬೈಲುಗಳಲ್ಲಿ ಬೆಂಕಿರೋಗದ ನಡುವೆಯೂ ಇಷ್ಟು ಕಾಲ ಉಳಿದ ತಳಿಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಒಂದು ಎಚ್ಚರ. ಸುಧಾರಿತ ತಳಿ ಒಂದು ಸಂಕರದಿಂದ ಹಿಡಿದು, ಆರೇಳು ಪೀಳಿಗೆ ಆರಿಸಿ, ಬೇರೆಬೇರೆ ಊರುಗಳಲ್ಲಿ ವರ್ಷಾನುಗಟ್ಟಲೆ ಪರೀಕ್ಷೆ ಮುಗಿಸಿ ಚೀಲಕ್ಕೆ ಬರುವ ಹೊತ್ತಿಗೆ ಹತ್ತು ಹನ್ನೆರಡು ವರ್ಷ ಕಳೆದಿರುತ್ತದೆ. ಅಂದರೆ ಅದನ್ನು ಆರಿಸಿದ್ದು ಹತ್ತು ವರ್ಷ ಹಿಂದಿನ ಮಳೆಯಲ್ಲಿ. ಗುರುತಿಸಿದ ಜೀನನ್ನು ಹಳೆಯ ತಳಿಗೆ ಸೇರಿಸುವ ವಿಧಾನದಿಂದ ಈ ಕಾಲ ಕುಗ್ಗಿದೆ. ಸ್ವರ್ಣ-ಸಬ್1 ಬಂದದ್ದು ಹಾಗೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಜೀನ್ ತಿದ್ದಿದ ಎರಡು ಭತ್ತಗಳಲ್ಲಿ ಒಂದು, ಪೂಸಾ ಡಿಎಸ್‌ಟಿ ರೈಸ್ 1, ಎಂಟಿಯು 1010ರ ಮೇಲೆಯೇ ಕಟ್ಟಿದ್ದು. ಗಮನಿಸಬೇಕಾದ ವಿಷಯವೇನೆಂದರೆ, ಇಂಥ ತಿದ್ದುಪಡಿ ಒಂದೊಂದು ಗುಣಕ್ಕೆ ಮಾತ್ರ. ತಾಯಿ ತಳಿಗೆ ಮಲೆನಾಡಿನ ಬೆಂಕಿರೋಗ ತಡೆಯದಿದ್ದರೆ ಮಗುವಿಗೂ ತಡೆಯದು.

ಹೈಬ್ರಿಡ್

ಚಿಕ್ಕದಾಗಿ ಹೇಳುವುದಾದರೆ, ಬಿಸಿಲು ಮತ್ತು ನಾಲೆ ನೀರು ಎರಡೂ ಇದ್ದಲ್ಲಿ ಮಾತ್ರ ಯೋಚಿಸಿ. ಮಂಡ್ಯದಿಂದ ಬಂದ ಕೆಆರ್‌ಎಚ್-2ರಂಥವು 130–135 ದಿನದಲ್ಲಿ ಒಳ್ಳೆಯ ಇಳುವರಿ ಕೊಡುತ್ತವೆ, ಎಕರೆಗೆ 6–8 ಕೆಜಿ ಬೀಜ ಸಾಕು. ಆದರೆ ಜುಲೈ, ಆಗಸ್ಟ್‌ನಲ್ಲಿ ಸೂರ್ಯನೇ ಕಾಣದ ಹೊಸನಗರದ ಗದ್ದೆಯಲ್ಲಿ ಆ ಶಕ್ತಿ ಹೊರಬರುವುದಿಲ್ಲ. ಕೊಟ್ಟ ಗೊಬ್ಬರ ಸೊಪ್ಪಾಗಿ, ಸೊಪ್ಪು ರೋಗವಾಗುತ್ತದೆ. ಕೊಯ್ದ ಭತ್ತವನ್ನು ಬೀಜಕ್ಕೆ ಇಡುವಂತಿಲ್ಲ, ಮುಂದಿನ ಪೀಳಿಗೆಯಲ್ಲಿ ಗಿಡಗಳು ಎತ್ತರ, ಅವಧಿ, ಕಾಳು ಎಲ್ಲದರಲ್ಲೂ ಒಡೆದುಹೋಗುತ್ತವೆ. ನೆರೆಯಲ್ಲಿ ಸಸಿಮಡಿ ಕೊಚ್ಚಿಹೋದರೆ ಎರಡನೇ ಸಲದ ಬೀಜಕ್ಕೆ ಮತ್ತೆ ದುಡ್ಡು.

ಬೆಂಕಿರೋಗವನ್ನು ಲೆಕ್ಕಕ್ಕೆ ಹಿಡಿಯದೆ ಆಯ್ಕೆಯಿಲ್ಲ

ಎಲೆಯ ಮೇಲೆ ಹತ್ತು ಗಂಟೆಗೂ ಹೆಚ್ಚು ತೇವ, 24–28 ಡಿಗ್ರಿ ಉಷ್ಣಾಂಶ, ಮೇಲೆ ಹೆಚ್ಚಿನ ಯೂರಿಯಾ: ಬೆಂಕಿರೋಗಕ್ಕೆ ಇಷ್ಟು ಸಾಕು, ಮಲೆನಾಡಿನಲ್ಲಿ ಮೊದಲೆರಡು ಪುಕ್ಕಟೆ. ಎಲೆಯ ಮೇಲೆ ನೂಲುವ ಕದಿರಿನಾಕಾರದ (ನಡು ದಪ್ಪ, ಎರಡೂ ತುದಿ ಚೂಪು), ನಡುವೆ ಬೂದು, ಅಂಚು ಕಂದು ಬಣ್ಣದ ಚುಕ್ಕೆ ಬಂದರೆ ಪೈರು ಸುಧಾರಿಸಿಕೊಳ್ಳಬಹುದು. ಕುತ್ತಿಗೆಗೆ ಬಂದರೆ ತೆನೆಯೇ ಹೋಯಿತು.

ತೆನೆ ಬೆಳ್ಳಗಾದದ್ದನ್ನೆಲ್ಲ ಬೆಂಕಿರೋಗವೆಂದು ತಳಿಯನ್ನು ಬೈಯುವ ಮುನ್ನ ಒಂದು ತೆನೆ ಹಿಡಿದು ಎಳೆಯಿರಿ. ಸಲೀಸಾಗಿ ಕಿತ್ತುಬಂದು ಬುಡದಲ್ಲಿ ಕೊರೆದ ಗುರುತಿದ್ದರೆ ಅದು ಕಾಂಡಕೊರಕ. ಕಿತ್ತುಬಾರದೆ, ತೆನೆಯ ಕೆಳಗಿನ ಗೆಣ್ಣು ಕಪ್ಪು ಕಂದಾಗಿ ಅಲ್ಲಿಯೇ ಮುರಿದರೆ ಕುತ್ತಿಗೆ ಬೆಂಕಿರೋಗ. ತೆನೆ ಬಿಡಿಸಿಕೊಳ್ಳದೆ ಬೂದು ಬಿಳಿಯ ಕಡ್ಡಿಯಂತೆ ನೆಟ್ಟಗೆ ನಿಂತಿದ್ದರೆ ಊದುಬತ್ತಿ ರೋಗ. ಇದು ಬೀಜದಿಂದ ಬರುವುದು, ಆ ಗದ್ದೆಯ ಭತ್ತವನ್ನು ಬೀಜಕ್ಕೆ ಇಡಬೇಡಿ. ಬೇರೆ ಬೀಜವೇ ಇಲ್ಲದಿದ್ದರೆ 54 ಡಿಗ್ರಿ ಬಿಸಿನೀರಿನಲ್ಲಿ 10 ನಿಮಿಷ ಅದ್ದಿ ಬಿತ್ತಬೇಕು, ಥರ್ಮಾಮೀಟರ್ ಇಟ್ಟುಕೊಂಡೇ. ಅಂದಾಜಿನಲ್ಲಿ ಮಾಡಿದರೆ ರೋಗ ಉಳಿಯುತ್ತದೆ ಅಥವಾ ಮೊಳಕೆ ಸಾಯುತ್ತದೆ.

ನಿರೋಧಕ ತಳಿಯೂ ಶಾಶ್ವತವಲ್ಲ. ಒಂದೇ ಜೀನಿನ ಮೇಲೆ ನಿಂತ ತಡೆಯನ್ನು ಶಿಲೀಂಧ್ರದ ಹೊಸ ಬಗೆಗಳು ಕೆಲವು ವರ್ಷಗಳಲ್ಲಿ ಮುರಿಯುತ್ತವೆ. ಇಡೀ ಬೈಲಿಗೆ ಒಂದೇ ತಳಿ ಹಾಕಿದಷ್ಟೂ ಅದು ಬೇಗ ಆಗುತ್ತದೆ.

ನಿಮ್ಮ ಗದ್ದೆಯಲ್ಲೇ ಪರೀಕ್ಷೆ

ಬೇರೆಯವರ ಇಳುವರಿಯ ಅಂಕಿ ಬೇರೆಯವರ ಗದ್ದೆಯದು. ಮೂರು ಹೊಸ ತಳಿ ಮತ್ತು ನೀವು ಈಗ ಬೆಳೆಯುವ ತಳಿ, ಒಟ್ಟು ನಾಲ್ಕನ್ನು ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಒಂದು ಗುಂಟೆಯಂತೆ ಮೂರು ಕಡೆ: ಮೇಲಿನ ಗದ್ದೆ, ನಡುವಿನದು, ಬೈಲು. ಒಟ್ಟು 12 ಗುಂಟೆ. ಗುಂಟೆಗೆ ಸುಮಾರು 600 ಗ್ರಾಂ ಬೀಜ ಸಾಕು. ಹೊಸ ತಳಿಗೆ ಒಳ್ಳೆಯ ಮೂಲೆ, ಹಳೆಯದಕ್ಕೆ ಉಳಿದ ಜಾಗ ಎಂದು ಮಾಡಿದರೆ ಪರೀಕ್ಷೆಯೇ ಸುಳ್ಳು. ಮೂರೂ ಕಡೆ ಸಾಲಿನ ಕ್ರಮ ಬದಲಿಸಿ, ಸಸಿಯ ವಯಸ್ಸು, ಗೊಬ್ಬರ, ನೆಟ್ಟ ದಿನ ಒಂದೇ ಇರಲಿ.

ಬರೆದಿಡಬೇಕಾದ್ದು ನಾಲ್ಕೇ: ಅಗೆ ಹಾಕಿದ ದಿನ, ಅರ್ಧದಷ್ಟು ತೆನೆ ಹೊರಬಂದ ದಿನ, ಮಲಗಿದ ಭಾಗ ಎಷ್ಟು, ಕೊಯ್ಲಿನ ತೂಕ. ತೂಕಕ್ಕೆ ಅಂಚಿನ ಎರಡು ಸಾಲು ಬಿಟ್ಟು ನಡುವೆ 5 ಮೀಟರ್ ಉದ್ದ, 5 ಮೀಟರ್ ಅಗಲ ಅಳೆದು ಕೊಯ್ದು, ಬಡಿದು, ತೂರಿ ತೂಗಿ. ಅದನ್ನು 162ರಿಂದ ಗುಣಿಸಿದರೆ ಎಕರೆಯ ಲೆಕ್ಕ. ಹಸಿ ಭತ್ತದ ತೂಕ ಮೋಸ ಮಾಡುತ್ತದೆ, ಆದ್ದರಿಂದ ತೇವಾಂಶ ಕಳೆಯಬೇಕು: 22 ಶೇಕಡಾ ತೇವದ 12 ಕೆಜಿ ಬಂದರೆ, 12ನ್ನು 78ರಿಂದ ಗುಣಿಸಿ 86ರಿಂದ ಭಾಗಿಸಿ. 14 ಶೇಕಡಾ ತೇವಕ್ಕೆ ಸುಮಾರು 10.9 ಕೆಜಿ, ಅಂದರೆ ಎಕರೆಗೆ ಹದಿನೇಳೂವರೆ ಕ್ವಿಂಟಲ್ ಚಿಲ್ಲರೆ. ತೇವ ಅಳೆಯುವ ಯಂತ್ರ ಮಿಲ್ಲಿನವರ ಬಳಿ ಇರುತ್ತದೆ. ಇಲ್ಲದಿದ್ದರೆ ನಾಲ್ಕನ್ನೂ ಒಟ್ಟಿಗೆ ಒಣಗಿಸಿ ತೂಗಿ.

ಕೊಯ್ದ ದಿನವೇ ಇನ್ನೊಂದು ಸಣ್ಣ ಕೆಲಸ. ಪ್ರತಿ ತಳಿಯ 100 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಐದನೇ ದಿನಕ್ಕೆ 80ಕ್ಕಿಂತ ಹೆಚ್ಚು ಮೊಳೆತರೆ ಆ ತಳಿಗೆ ಸುಪ್ತಾವಸ್ಥೆ, ಅಂದರೆ ಕೊಯ್ದ ಮೇಲೆ ಕೆಲಕಾಲ ಮೊಳೆಯದೆ ಇರುವ ಗುಣ, ಇಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ತೆನೆಯಲ್ಲೇ ಮೊಳೆಯುವುದು ಖಚಿತ. ಅಕ್ಟೋಬರ್‌ನಲ್ಲಿ ಕೊಯ್ಲಿಗೆ ಬರುವ ತಳಿ ಹೀಗಿದ್ದರೆ, ಇಳುವರಿ ಎಷ್ಟೇ ಇರಲಿ, ಬಿಟ್ಟುಬಿಡಿ.

ಒಂದು ವರ್ಷದ ಫಲಿತಾಂಶ ಒಂದು ಮಳೆಗಾಲದ ಮಾತು. ಕನಿಷ್ಠ ಎರಡು ವರ್ಷ ನೋಡಿ. ಸರಾಸರಿಯಲ್ಲಿ ಮುಂದಿರುವುದಕ್ಕಿಂತ, ಕೆಟ್ಟ ವರ್ಷದಲ್ಲೂ ಕೆಟ್ಟ ಗದ್ದೆಯಲ್ಲೂ ಹೆಚ್ಚು ಕುಸಿಯದ್ದು ಯಾವುದೆಂದು ಗುರುತಿಸಿ. ಸಾಲ ತೀರಿಸಬೇಕಾದ ಮನೆಗೆ ಅದೇ ಲೆಕ್ಕ.

ಇದ್ದ ಬೀಜವನ್ನೇ ತಿದ್ದುವುದು

ಹೊಸದು ತರುವುದೊಂದೇ ದಾರಿಯಲ್ಲ. ಭತ್ತ ತನ್ನ ಹೂವಿನ ಪರಾಗದಿಂದಲೇ ಕಾಳು ಕಟ್ಟುವ ಬೆಳೆ, ಹೊರಗಿನ ಪರಾಗ ಸೇರುವುದು ತೀರಾ ಕಡಿಮೆ. ಹಾಗಾಗಿ ಆರಿಸಿದ ಗುಣ ಕೈಯಲ್ಲಿ ಉಳಿಯುತ್ತದೆ. ನೆರೆಯೋ ಬರವೋ ಬಂದ ವರ್ಷವೇ ಆಯ್ಕೆಗೆ ಒಳ್ಳೆಯ ವರ್ಷ. ಗದ್ದೆಯ ಅಂಚು ಬಿಟ್ಟು, ಗೊಬ್ಬರ ಬಿದ್ದ ಮೂಲೆ ಬಿಟ್ಟು, ಒಳಗೆ ನಡೆದು, ಸುತ್ತಲಿನ ಗಿಡ ಸೋತಲ್ಲಿ ನಿಂತ ಗಿಡಗಳಿಂದ 200 ತೆನೆ ಆರಿಸಿ. ಬರೀ ದೊಡ್ಡ ತೆನೆ ನೋಡಬೇಡಿ. ಕುತ್ತಿಗೆ ಸ್ವಚ್ಛವಾಗಿರುವುದು, ಬುಡದ ಕಾಳೂ ತುಂಬಿರುವುದು, ಗಿಡ ನೆಟ್ಟಗಿರುವುದು ನೋಡಿ.

ಮುಂದಿನ ವರ್ಷ ಒಂದೊಂದು ತೆನೆಯನ್ನೂ ಬೇರೆಬೇರೆ ಸಾಲಾಗಿ ಹಾಕಿ, ಗುಣಿಗೆ ಒಂದೇ ಸಸಿ ನೆಡಿ. ಸಾಲಿನೊಳಗೆ ಎತ್ತರ ಏರುಪೇರಾದದ್ದು, ಹೂ ಬೇರೆ ವಾರ ಬಂದದ್ದು, ರೋಗ ಹಿಡಿದದ್ದು ಕಂಡರೆ ಇಡೀ ಸಾಲನ್ನೇ ತೆಗೆದುಹಾಕಿ. ಉಳಿದ ಸಾಲುಗಳನ್ನು ಕೂಡಿಸಿ ಬೀಜ ಮಾಡಿ. ಇಲ್ಲಿ ಒಂದು ಅತಿರೇಕ ನಡೆಯುತ್ತದೆ: ಅತ್ಯುತ್ತಮ ಒಂದು ಸಾಲನ್ನು ಮಾತ್ರ ಇಟ್ಟುಕೊಳ್ಳುವುದು. ಪೈರು ಚೆಂದ ಕಾಣುತ್ತದೆ, ಆದರೆ ನಾಟಿ ತಳಿಯನ್ನು ಕಾಪಾಡುತ್ತಿದ್ದ ವೈವಿಧ್ಯ ಹೋಗುತ್ತದೆ. ಕಡಿಮೆಯೆಂದರೆ 40–50 ಸಾಲು ಉಳಿಯಲಿ.

ಬೀಜ ಕೊಳ್ಳುವಾಗ, ಇಡುವಾಗ

ನೀಲಿ ಚೀಟಿ ಇದ್ದರೆ ಪ್ರಮಾಣಿತ ಬೀಜ, ಬಿಳಿಯಿದ್ದರೆ ಮೂಲ ಬೀಜ, ಹಳದಿಯಿದ್ದರೆ ತಳಿ ವರ್ಧಕರ ಬೀಜ. ಪ್ರಮಾಣಿತ ಬೀಜದ ಮೊಳಕೆ 80 ಶೇಕಡಾಕ್ಕೆ ಕಡಿಮೆ ಇರಬಾರದು, ತೇವ 13 ಮೀರಬಾರದು. ಚೀಟಿಯ ಮೇಲಿನ ಪರೀಕ್ಷೆಯ ದಿನಾಂಕ ನೋಡಿಯೇ ದುಡ್ಡು ಕೊಡಿ. ಹೈಬ್ರಿಡ್ ಹೊರತು ಬೇರೆ ತಳಿಯ ಬೀಜವನ್ನು ಒಮ್ಮೆ ಕೊಂಡರೆ, ಬೆರಕೆ ಕಿತ್ತು ಜೋಪಾನ ಮಾಡಿದಲ್ಲಿ ಮೂರು ನಾಲ್ಕು ವರ್ಷ ಬಳಸಬಹುದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ನಿಮ್ಮ ಬೀಜ ಇಡಲು, ಬಿತ್ತಲು, ಅದಲುಬದಲು ಮಾಡಲು, ಬ್ರಾಂಡ್ ಹಾಕದೆ ಮಾರಲು ನಿಮಗೆ ಹಕ್ಕಿದೆ.

ಬಿತ್ತುವ ಮುನ್ನ ಉಪ್ಪು ನೀರಿನಲ್ಲಿ ಜೊಳ್ಳು ತೆಗೆಯಿರಿ. ಹಸಿ ಕೋಳಿಮೊಟ್ಟೆ ತೇಲಿ ಅದರ ನೆತ್ತಿ ನಾಣ್ಯದಷ್ಟು ಮೇಲೆ ಕಾಣುವವರೆಗೆ ಉಪ್ಪು ಕರಗಿಸಿ, ಬೀಜ ಸುರಿದು, ತೇಲಿದ್ದನ್ನು ಬಿಸಾಡಿ, ಮುಳುಗಿದ್ದನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯಿರಿ. ತೊಳೆಯದಿದ್ದರೆ ಮೊಳಕೆ ಸುಡುತ್ತದೆ.

ಒಂದೂವರೆ ಎಕರೆಯಿಂದ ಮೂರೆಕರೆ ಇರುವವರಿಗೆ ಹಂಚಿಕೆ ಹೀಗಿರಬಹುದು: ಅರ್ಧಕ್ಕೆ ಎರಡು ವರ್ಷ ಪರೀಕ್ಷಿಸಿ ಗೆದ್ದ ಮಧ್ಯಮಾವಧಿ ತಳಿ, ಬೈಲಿಗೆ ನೀರಿನ ಬಗೆ ನೋಡಿ ನೆರೆಯ ನಾಟಿ ತಳಿ ಅಥವಾ ಸಬ್1, ಮಕ್ಕಿಗೆ ಅಲ್ಪಾವಧಿ. ಜೊತೆಗೆ ಎಕರೆಗೆ 25 ಕೆಜಿ ಲೆಕ್ಕದಲ್ಲಿ ಅಲ್ಪಾವಧಿ ಬೀಜ ಒಂದು ಎಕರೆಗಾಗುವಷ್ಟು ಹೆಚ್ಚುವರಿ ಇಟ್ಟಿರಿ. ಆಗಸ್ಟ್ ಮೊದಲ ವಾರ ಆಶ್ಲೇಷ ಮಳೆಗೆ ನೆಟ್ಟಿ ಕೊಚ್ಚಿಹೋದರೆ, 115 ದಿನದ್ದನ್ನು ಮೊಳಕೆ ಕಟ್ಟಿ ನೇರ ಬಿತ್ತಿದರೂ ಹೂ ಅಕ್ಟೋಬರ್ ಕೊನೆಗೆ ಬರುತ್ತದೆ, ಚಳಿಗೆ ಇನ್ನೂ ಸ್ವಲ್ಪ ಸಮಯ ಇರುತ್ತದೆ. ಆಗಸ್ಟ್ 15 ದಾಟಿದರೆ ಆ ಬೀಜವನ್ನೂ ಹಾಕಬೇಡಿ. ಗದ್ದೆಯ ಹಸಿ ಆರುವವರೆಗೆ ಕಾದು ಉದ್ದು, ಹೆಸರು ಬಿತ್ತುವುದೇ ಕಡಿಮೆ ನಷ್ಟ.